ಯಂತ್ರಸಮೂಹಗಳಲ್ಲಿ ಸ್ಥಿತಿರಕ್ಷಣೆಯ ಇತಿಹಾಸ

ಒಂದು ಗ್ರಂಥದ ಹತ್ತು ಓಲೆಯ ಪ್ರತಿಗಳು ಹತ್ತು ಊರುಗಳಲ್ಲಿ ಉಳಿದು ಬಂದಿದ್ದರೆ ಆ ಹತ್ತೂ ಒಂದೇ ಪಾಠವನ್ನು ಕೊಡುವುದಿಲ್ಲವೆಂಬುದು ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದ ವಿದ್ವಾಂಸರೆಲ್ಲರಿಗೂ ವಿದಿತವಾಗಿಯೇ ಇದೆ. ಒಂದು ಪ್ರತಿಯಲ್ಲಿ ಲಿಪಿಕಾರನ ಕಣ್ಣು ತಪ್ಪಿ ಪದ್ಯವೊಂದು ಬಿಟ್ಟುಹೋಗಿರುತ್ತದೆ; ಇನ್ನೊಂದರಲ್ಲಿ ಅಂಚಿನ ಟಿಪ್ಪಣಿಯು ಮೂಲದೊಳಕ್ಕೆ ನುಗ್ಗಿರುತ್ತದೆ; ಮತ್ತೊಂದರಲ್ಲಿ ಗರಿಗಳ ಅನುಕ್ರಮವೇ ಕೆಟ್ಟಿರುತ್ತದೆ. ಪ್ರತಿಗಳು ಹೆಚ್ಚಿದಷ್ಟೂ ಗ್ರಂಥಕ್ಕೆ ನಾಶಭಯವು ಕಡಿಮೆಯಾಗುವುದು ನಿಜ. ಪಾಠಭೇದವು ಹೆಚ್ಚುವುದೂ ಅಷ್ಟೇ ನಿಜ. ಓಲೆಯ ಗ್ರಂಥಕ್ಕೆ ಇನ್ನೂರು ಮುನ್ನೂರು ವರ್ಷಗಳಲ್ಲಿ ಒದಗುವ ಈ ಅವಸ್ಥೆಯು ಗಣಕಯಂತ್ರಗಳೊಳಗಿನ ಲೆಕ್ಕಕ್ಕೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒದಗುತ್ತದೆ. ಇದನ್ನು ತಡೆಯುವುದಕ್ಕಾಗಿ ಕಳೆದ ಐವತ್ತು ವರ್ಷಗಳಲ್ಲಿ ನಡೆದಿರುವ ವಿಚಾರದ ಇತಿಹಾಸವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದುದೆಂದು ಸಾಹಿತ್ಯಾಭ್ಯಾಸಿಗಳು ಉದಾಸೀನರಾಗಬೇಕಾದ ಕಾರಣವಿಲ್ಲ. ಪ್ರತಿ, ಮೂಲ, ಕ್ರಮ, ಪ್ರಾಮಾಣ್ಯ ಎಂಬ ನಮಗೆ ಪರಿಚಿತವಾದ ಪದಾರ್ಥಗಳೇ ಇಲ್ಲಿಯೂ ವಿಚಾರಕ್ಕೆ ಬರುತ್ತವೆ.

ಮೊದಲು ಪದಗಳ ಅರ್ಥನಿರ್ಣಯವು ಅವಶ್ಯಕ. ಹಲವು ಗಣಕಯಂತ್ರಗಳನ್ನು ತಂತಿಗಳಿಂದ ಕೂಡಿಸಿ, ಹೊರಗಿನವರಿಗೆ ಒಂದೇ ಯಂತ್ರದಂತೆ ತೋರುವಹಾಗೆ ದುಡಿಸುವುದಕ್ಕೆ ಕ್ಲಸ್ಟರ್ ಎಂದು ವ್ಯವಹಾರ. ನಾವು ಇದನ್ನು ಯಂತ್ರಸಮೂಹವೆನ್ನೋಣ. ಇಂಥ ಸಮೂಹಕ್ಕೆ ಹೊರಗಿನಿಂದ ಬರುವ ಅಪ್ಪಣೆ, ಬಿನ್ನಹ, ವರ್ತಮಾನಗಳೆಲ್ಲವೂ ಸಂದೇಶಗಳು. ಈವರೆಗೆ ಬಂದ ಸಂದೇಶಗಳ ಫಲವಾಗಿ ಯಂತ್ರವು ನೆನಪಿನಲ್ಲಿಟ್ಟುಕೊಂಡಿರುವುದು ಸ್ಥಿತಿ. ಒಬ್ಬನ ಲೆಕ್ಕದಲ್ಲಿ 1000 ರೂಪಾಯಿಗಳಿವೆಯೆನ್ನುವುದು ಸ್ಥಿತಿ. ಅದರಿಂದ 800 ರೂಪಾಯಿ ಕೊಡಬೇಕೆನ್ನುವುದು ಸಂದೇಶ. ಯಂತ್ರ ಒಂದೇ ಆಗಿದ್ದರೆ ತೊಡಕಿಲ್ಲ. ಎರಡು ಯಂತ್ರಗಳಲ್ಲಿ ಅದೇ ಲೆಕ್ಕದ ಎರಡು ಪ್ರತಿಗಳಿದ್ದು, ಏಕಕಾಲಕ್ಕೆ ಒಂದೊಂದಕ್ಕೂ 800 ರೂಪಾಯಿ ಕೇಳುವ ಸಂದೇಶ ಬಂದರೆ, ಎರಡೂ ತಮ್ಮ ತಮ್ಮ ಪ್ರತಿಯನ್ನು ನೋಡಿ ಸರಿಯೆಂದೇ ಹಣ ಕೊಡುತ್ತವೆ. ಯಾವುದೊಂದೂ ತಪ್ಪು ಮಾಡಿಲ್ಲ. ಆದರೂ 600 ರೂಪಾಯಿ ನಷ್ಟವಾಗಿದೆ.

ನಮ್ಮ ಅಂಗಡಿಗಳಲ್ಲಿಯೂ ಮಠಮಾನ್ಯಗಳಲ್ಲಿಯೂ ಲೆಕ್ಕವಿಡುವವರು ಕೀರ್ದಿ, ಖಾತೆ ಎಂದು ಎರಡು ಪುಸ್ತಕಗಳನ್ನಿಡುವ ಪದ್ಧತಿಯುಂಟು. ದಿನದಿನದ ಕೊಡುಕೊಳ್ಳುವಿಕೆಗಳನ್ನು ಬಂದ ಕ್ರಮದಲ್ಲಿಯೇ ಬರೆಯುವುದು ಕೀರ್ದಿ. ಅದರಿಂದ ಎತ್ತಿ ಆಯಾ ಮನುಷ್ಯನ ಹೆಸರಿನಲ್ಲಿ ಬಾಕಿಯನ್ನು ತೋರಿಸುವುದು ಖಾತೆ. ಖಾತೆ ಸುಟ್ಟುಹೋದರೆ ಕೀರ್ದಿಯಿಂದ ಅದನ್ನು ಪುನಃ ಬರೆದುಕೊಳ್ಳಬಹುದು; ಕೀರ್ದಿಯು ಸುಟ್ಟುಹೋದರೆ ಖಾತೆಯಿಂದ ಅದನ್ನು ಪಡೆಯುವ ಉಪಾಯವಿಲ್ಲ. ಈ ದೃಷ್ಟಾಂತವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಪ್ರಾರ್ಥನೆ. ನಮ್ಮ ಪಕ್ಷವಿಷ್ಟೆ: ಯಂತ್ರಸಮೂಹಗಳಲ್ಲಿ ಸ್ಥಿತಿಯನ್ನು ಕಾಪಾಡುವ ಪ್ರಯತ್ನವು ಎಲ್ಲೆಲ್ಲಿ ಖಾತೆಗಳನ್ನು ಒಂದಕ್ಕೊಂದು ಹೊಂದಿಸಲು ಹೊರಟಿತೋ ಅಲ್ಲಲ್ಲಿ ಎಡವಿತು, ಎಲ್ಲೆಲ್ಲಿ ಕೀರ್ದಿಯೊಂದನ್ನೇ ಸಮಾನವಾಗಿಟ್ಟುಕೊಂಡು ಖಾತೆಯನ್ನು ಅವರವರೇ ಬರೆದುಕೊಳ್ಳಲು ಬಿಟ್ಟಿತೋ ಅಲ್ಲಲ್ಲಿ ನಿಂತಿತು. ಇದು 1978ರಲ್ಲಿಯೇ ಹೇಳಲ್ಪಟ್ಟ ಮಾತಾದರೂ ಓದಿದವರು ಬಹುಕಾಲ ಅದನ್ನು ಗಮನಿಸಲಿಲ್ಲ.

ಈ ವಿಚಾರದಲ್ಲಿ ಪಣಕ್ಕಿರುವುದು ಅಲ್ಪವಾದುದೆಂದು ಭಾವಿಸಬಾರದು. ಕ್ರಿ. ಶ. 2012ನೆಯ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆಯಲ್ಲಿ ನಡೆದ ಸಂಗತಿಯು ಆ ದೇಶದ ಷೇರುಪೇಟೆಯ ನಿಯಂತ್ರಣಮಂಡಲಿಯ ಆಜ್ಞಾಪತ್ರದಲ್ಲಿ ವಿಸ್ತಾರವಾಗಿ ದಾಖಲಾಗಿದೆ. ಅವರ ಸಮೂಹದಲ್ಲಿ ಎಂಟು ಯಂತ್ರಗಳಿದ್ದುವು. ಹೊಸ ಕ್ರಮವಿಧಿಯನ್ನು ಏಳಕ್ಕೆ ಅಳವಡಿಸಿ ಎಂಟನೆಯದನ್ನು ಮರೆತರು. ಆ ಎಂಟನೆಯದರಲ್ಲಿ ಎಂದೋ ಬಳಕೆತಪ್ಪಿದ್ದ ಹಳೆಯ ವಿಧಿಯೊಂದು ಹೊಸ ಸಂದೇಶದಿಂದ ಎಚ್ಚತ್ತಿತು. ಒಂದು ದೊಡ್ಡ ಬೇಡಿಕೆಯನ್ನು ಸಣ್ಣ ಸಣ್ಣ ಬೇಡಿಕೆಗಳಾಗಿ ಒಡೆದು ಪೇಟೆಗೆ ಕಳುಹಿಸುವುದು ಅದರ ಕೆಲಸ. ಎಷ್ಟು ಕೊಂಡಾಯಿತೆಂಬುದನ್ನು ಎಣಿಸಿ ಸಾಕೆನ್ನುವ ಭಾಗವನ್ನು 2005ರಲ್ಲಿಯೇ ಬೇರೆ ಕಡೆಗೆ ಸರಿಸಿದ್ದರು. ಆದಕಾರಣ ಸಾಕೆಂಬ ಅರಿವೇ ಅದಕ್ಕೆ ಬರಲಿಲ್ಲ. ಸಂದೇಶವು ಉಳಿದಿತ್ತು, ಸ್ಥಿತಿಯು ಹೋಗಿತ್ತು. ಮೂಲವು ತಿಳಿಯದೆ ಗಾಬರಿಗೊಂಡವರು ಸರಿಯಾಗಿದ್ದ ಏಳು ಯಂತ್ರಗಳಿಂದಲೂ ಹೊಸ ವಿಧಿಯನ್ನು ತೆಗೆದುಹಾಕಿದರು, ಅನರ್ಥವು ಇಮ್ಮಡಿಸಿತು. ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ 39.7 ಕೋಟಿ ಷೇರುಗಳ ವ್ಯವಹಾರವು 40 ಲಕ್ಷ ಕೈಬದಲಾವಣೆಗಳಲ್ಲಿ ನಡೆದುಹೋಗಿ, ಸಂಸ್ಥೆಗೆ 46 ಕೋಟಿ ಡಾಲರುಗಳಿಗಿಂತಲೂ ಹೆಚ್ಚು ನಷ್ಟವಾಯಿತು.

ಇನ್ನು ಇತಿಹಾಸಕ್ಕೆ ಬರೋಣ. ಆರಂಭದ ಕಾಲದಲ್ಲಿ ಒಂದೇ ಪುಸ್ತಕವಿರುತ್ತಿತ್ತು. ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನಸಂಸ್ಥೆಗಾಗಿ ಐಬಿಎಂನವರು ಕಟ್ಟಿದ ಸೇಬರ್ ಎಂಬ ಆಸನಮೀಸಲಿನ ವ್ಯವಸ್ಥೆಯು 1964ರ ವೇಳೆಗೆ ಪೂರ್ಣವಾಗಿ ನಡೆಯತೊಡಗಿತು. ನ್ಯೂಯಾರ್ಕ್ ಸಂಸ್ಥಾನದ ಬ್ರೈಯರ್‌ಕ್ಲಿಫ್ ಮ್ಯಾನರ್ ಎಂಬ ಊರಿನಲ್ಲಿ ಎರಡು 7090 ಯಂತ್ರಗಳಿದ್ದುವು. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಆಪತ್ತಿಗೆಂದು ಕಾದಿರುತ್ತಿತ್ತು. ದೇಶದ ನಾನಾ ಊರುಗಳಿಂದ ಸಂದೇಶಗಳು ಬಂದರೂ ಅವುಗಳನ್ನು ಬರೆದುಕೊಳ್ಳುವ ಶಾನುಭೋಗನು ಒಬ್ಬನೇ ಆದುದರಿಂದ ಇಬ್ಬರಿಗೆ ಒಂದೇ ಆಸನವನ್ನು ಕೊಡುವ ಭಯವಿರಲಿಲ್ಲ. 1974ರಲ್ಲಿ ಹುಟ್ಟಿ 1976ರಲ್ಲಿ ತನ್ನ ಮೊದಲ ಯಂತ್ರವನ್ನು ಕೊಟ್ಟ ಟ್ಯಾಂಡಂ ಸಂಸ್ಥೆಯವರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಅವರ ಯಂತ್ರದಲ್ಲಿ ಎರಡರಿಂದ ಹದಿನಾರರವರೆಗೆ ಗಣಕಗಳಿದ್ದು, ಅವುಗಳಿಗೆ ಸಮಾನವಾದ ಸ್ಮೃತಿಯೇ ಇರಲಿಲ್ಲ. ಪರಸ್ಪರ ಸಂದೇಶಗಳಿಂದಲೇ ವ್ಯವಹಾರ. ಪ್ರತಿಯೊಂದು ಕಾರ್ಯಕ್ಕೂ ಮುಖ್ಯ, ಅನುಚರ ಎಂಬ ಜೋಡಿಯಿದ್ದು, ಮುಖ್ಯವು ತನ್ನ ಸ್ಥಿತಿಯನ್ನು ಆಗಾಗ್ಗೆ ಅನುಚರಕ್ಕೆ ತಿಳಿಸುತ್ತಿತ್ತು. ಇದು ಖಾತೆಯನ್ನೇ ನಕಲು ಮಾಡುವ ಮಾರ್ಗ. ಒಂದೇ ಪೆಟ್ಟಿಗೆಯೊಳಗೆ, ಇಬ್ಬರ ನಡುವೆ, ಇದು ಚೆನ್ನಾಗಿಯೇ ನಡೆಯಿತು. ದೂರ ದೂರದ ಹಲವರ ನಡುವೆ ನಡೆಯಲಾರದೆಂಬುದು ಆಗಲೇ ಕೆಲವರಿಗೆ ಹೊಳೆಯತೊಡಗಿತ್ತು.

1975ನೆಯ ವರ್ಷವು ಈ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಸ್ಮರಣೀಯ. ಆ ವರ್ಷ ಅಕ್ಕೊಯುನ್ಲು, ಏಕನಾಥಂ, ಹ್ಯೂಬರ್ ಎಂಬ ಮೂವರು, ನಂಬಲಾಗದ ದೂತರ ಮೂಲಕ ಇಬ್ಬರು ಖಚಿತವಾದ ಒಡಂಬಡಿಕೆಗೆ ಬರುವುದು ಅಸಾಧ್ಯವೆಂದು ತೋರಿಸಿದರು. ಅವರು ಕೊಟ್ಟ ದೃಷ್ಟಾಂತವು ಎರಡು ದರೋಡೆಕೋರರ ಗುಂಪುಗಳದು. 1978ರಲ್ಲಿ ಜಿಮ್ ಗ್ರೇ ಎಂಬುವರು ಅದನ್ನು ಇಬ್ಬರು ಸೇನಾಪತಿಗಳ ಕಥೆಯಾಗಿ ಮಾಡಿದ ಮೇಲೆ ಅದು ಪ್ರಸಿದ್ಧವಾಯಿತು. ಯುಕ್ತಿಯು ಸರಳವಾಗಿದೆ. ನಾಳೆ ಪ್ರಾತಃಕಾಲ ಮುತ್ತಿಗೆಯೆಂದು ಒಬ್ಬನು ದೂತನನ್ನು ಕಳುಹಿಸುತ್ತಾನೆ. ದೂತನು ತಲುಪಿದನೋ ಇಲ್ಲವೋ ತಿಳಿಯದು. ತಲುಪಿದನೆಂದು ಮರುದೂತನು ಬರಬೇಕು. ಆ ಮರುದೂತನು ತಲುಪಿದನೆಂದು ಮತ್ತೊಬ್ಬನು ಹೋಗಬೇಕು. ಕೊನೆಯ ದೂತನಿಲ್ಲದೆಯೇ ಒಪ್ಪಂದವಾಗುವುದಾದರೆ ಅವನು ವ್ಯರ್ಥ. ಅವನನ್ನು ಬಿಟ್ಟರೆ ಅವನ ಹಿಂದಿನವನು ಕೊನೆಯವನಾಗುತ್ತಾನೆ. ಹೀಗೆ ಎಳೆಯುತ್ತ ಹೋದರೆ ದೂತರೇ ಇಲ್ಲದ ಒಪ್ಪಂದವೆಂಬ ಅಸಂಗತಕ್ಕೆ ಬಂದು ನಿಲ್ಲುತ್ತೇವೆ. ನಮ್ಮವರು ಅನವಸ್ಥೆಯೆನ್ನುವ ದೋಷದ ಅಪ್ಪಟ ಉದಾಹರಣೆಯಿದು. ಅದೇ ವರ್ಷ ಜಾನ್ಸನ್ ಮತ್ತು ಥಾಮಸ್ ಎಂಬಿಬ್ಬರು, ಹಲವು ಕಡೆ ಇರುವ ದತ್ತಾಂಶದ ಪ್ರತಿಗಳನ್ನು ಸಮವಾಗಿಡಲು ಪ್ರತಿಯೊಂದು ತಿದ್ದುಪಡಿಗೂ ಕಾಲದ ಮುದ್ರೆಯೊತ್ತುವ ಉಪಾಯವನ್ನು ಸೂಚಿಸಿದರು.

ಈ ಎರಡನೆಯ ಬರಹವು ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸರ ಕೈಗೆ ಬಂತು. ಅದರಲ್ಲಿ ಸೂಕ್ಷ್ಮವಾದ ದೋಷವೊಂದನ್ನು ಅವರು ಕಂಡರು: ಕಾರಣವು ಹಿಂದೆ, ಕಾರ್ಯವು ಮುಂದೆ ಎಂಬ ನಿಯಮವು ಆ ಮುದ್ರೆಗಳಿಂದ ಕೆಲವೊಮ್ಮೆ ಮುರಿಯುತ್ತಿತ್ತು. ಅದನ್ನು ತಿದ್ದಲು ಹೊರಟ ಫಲವೇ 1978ರಲ್ಲಿ ಪ್ರಕಟವಾದ ಕಾಲ, ಗಡಿಯಾರ ಮತ್ತು ಘಟನೆಗಳ ಕ್ರಮವನ್ನು ಕುರಿತ ಅವರ ಪ್ರಬಂಧ. ದೂರದ ಎರಡು ಯಂತ್ರಗಳ ಗಡಿಯಾರಗಳು ಎಂದಿಗೂ ಸರಿಯಾಗಿ ಕೂಡುವುದಿಲ್ಲ; ಆದುದರಿಂದ ಗಡಿಯಾರವನ್ನು ನೋಡಿ ಯಾವುದು ಮೊದಲೆಂದು ಹೇಳಲಾಗದು. ಹಾಗಾದರೆ ಪೌರ್ವಾಪರ್ಯಕ್ಕೆ ಪ್ರಮಾಣವೇನು? ಒಂದೇ ಯಂತ್ರದೊಳಗೆ ಹಿಂದೆ ನಡೆದುದು ಹಿಂದಿನದು. ಸಂದೇಶವನ್ನು ಕಳುಹಿಸಿದ್ದು ಅದನ್ನು ಪಡೆದುದಕ್ಕಿಂತ ಹಿಂದಿನದು. ಈ ಎರಡರ ಸರಪಣಿಯಿಂದ ಸಿದ್ಧವಾಗುವುದಿಷ್ಟೇ ನಿಜವಾದ ಪೌರ್ವಾಪರ್ಯ. ಸರಪಣಿಗೆ ಸಿಕ್ಕದ ಎರಡು ಘಟನೆಗಳಲ್ಲಿ ಯಾವುದು ಮೊದಲೆಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಅರ್ಥವಿಲ್ಲದಿದ್ದರೂ ಕಾರ್ಯಕ್ಕೆ ಒಂದು ಕ್ರಮವು ಬೇಕಷ್ಟೆ. ಅದಕ್ಕಾಗಿ ಪ್ರತಿಯೊಂದು ಯಂತ್ರವೂ ಒಂದು ಎಣಿಕೆಯನ್ನಿಟ್ಟುಕೊಂಡು, ಸಂದೇಶದೊಡನೆ ಅದನ್ನು ಕಳುಹಿಸಬೇಕು. ಪಡೆದ ಯಂತ್ರವು ತನ್ನ ಎಣಿಕೆಯನ್ನು ಬಂದುದಕ್ಕಿಂತ ಮುಂದಕ್ಕೆ ಸರಿಸಿಕೊಳ್ಳಬೇಕು. ಎಣಿಕೆಗಳು ಸಮವಾದಾಗ ಯಂತ್ರಗಳ ಹೆಸರಿನ ಅನುಕ್ರಮದಿಂದ ನಿರ್ಣಯಿಸಬೇಕು. ಹೀಗೆ ಎಲ್ಲ ಯಂತ್ರಗಳೂ ಎಲ್ಲ ಘಟನೆಗಳಿಗೂ ಒಂದೇ ಸಾಲನ್ನು ಕಲ್ಪಿಸಿಕೊಳ್ಳುತ್ತವೆ.

ಪೂರ್ವಮೀಮಾಂಸೆಯನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ಜೈಮಿನಿಸೂತ್ರಗಳ ಐದನೆಯ ಅಧ್ಯಾಯವು ಕ್ರಮವಿಚಾರಕ್ಕೇ ಮೀಸಲಾಗಿದೆ. ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂದು ಕ್ರಮವನ್ನು ತಿಳಿಸುವ ಪ್ರಮಾಣಗಳು ಆರು. ಅಗ್ನಿಹೋತ್ರದ ಹೋಮವನ್ನು ಮೊದಲು ಹೇಳಿ ಗಂಜಿಯನ್ನು ಬೇಯಿಸುವುದನ್ನು ಆಮೇಲೆ ಹೇಳಿದ್ದರೂ, ಹೋಮಕ್ಕೆ ಗಂಜಿಯೇ ದ್ರವ್ಯವಾದುದರಿಂದ ಬೇಯಿಸುವುದೇ ಮೊದಲು. ಇಲ್ಲಿ ಅರ್ಥಕ್ರಮವು ಪಾಠಕ್ರಮವನ್ನು ಬಾಧಿಸುತ್ತದೆ. ಎರಡು ಕರ್ಮಗಳಿಗೆ ಹೀಗೆ ಪ್ರಯೋಜನದ ಸಂಬಂಧವಿಲ್ಲದಿದ್ದರೆ ಪಾಠದಲ್ಲಿ ಯಾವುದು ಮೊದಲು ಬಂದಿದೆಯೋ ಅದೇ ಮೊದಲು. ಕಾರ್ಯಕಾರಣವಿದ್ದಲ್ಲಿ ಅದನ್ನು ಮೀರಕೂಡದು, ಇಲ್ಲದಲ್ಲಿ ಎಲ್ಲರೂ ಒಪ್ಪಿದ ಯಾವುದಾದರೊಂದು ಅನುಕ್ರಮವು ಸಾಕು ಎಂಬ ಲ್ಯಾಂಪೋರ್ಟರ ವ್ಯವಸ್ಥೆಯು ಇದಕ್ಕೆ ಆಶ್ಚರ್ಯಕರವಾಗಿ ಸಮೀಪಿಸುತ್ತದೆ. ಇಷ್ಟರಿಂದ ಅವರು ಮೀಮಾಂಸೆಗೆ ಋಣಿಗಳೆಂದಾಗಲಿ, ನಮ್ಮ ಪೂರ್ವಿಕರು ಯಂತ್ರಸಮೂಹಗಳನ್ನು ಬಲ್ಲರೆಂದಾಗಲಿ ಯಾರೂ ಹೊರಡಬಾರದು. ಈಚೆಗೆ ಇಂಥ ಮಾತುಗಳು ಸುಲಭವಾಗಿ ಹುಟ್ಟುತ್ತವೆಯಾದುದರಿಂದ ಇದನ್ನು ಹೇಳಬೇಕಾಯಿತು. ಲ್ಯಾಂಪೋರ್ಟರು ತಮಗೆ ದಾರಿ ತೋರಿಸಿದುದು ಐನ್‌ಸ್ಟೈನರ ವಿಶೇಷಸಾಪೇಕ್ಷತಾವಾದವೆಂದು ತಾವೇ ಹೇಳಿಕೊಂಡಿದ್ದಾರೆ. ಸಮಾನವಾದ ಪ್ರಶ್ನೆಗೆ ಸಮಾನವಾದ ಉತ್ತರ ಹುಟ್ಟಿದೆಯೆನ್ನುವುದಷ್ಟೇ ಯುಕ್ತ.

ಪ್ರಕೃತವನ್ನನುಸರಿಸೋಣ. ಆ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. ಎಲ್ಲರಿಗೂ ಒಂದೇ ಸಾಲು ಸಿಕ್ಕಿದ ಮೇಲೆ, ಪ್ರತಿಯೊಂದು ಯಂತ್ರವೂ ಒಂದೇ ಆರಂಭಸ್ಥಿತಿಯಿಂದ ಹೊರಟು ಆ ಸಾಲಿನ ಸಂದೇಶಗಳನ್ನು ಒಂದೊಂದಾಗಿ ಜಾರಿಮಾಡುತ್ತ ಹೋದರೆ ಎಲ್ಲವೂ ಒಂದೇ ಸ್ಥಿತಿಯನ್ನು ಮುಟ್ಟುತ್ತವೆ. ಇದಕ್ಕೆ ಸ್ಥಿತಿಯಂತ್ರದ ವಿಧಾನವೆಂದು ಹೆಸರು. ಜಾರಿಮಾಡುವವನು ತನ್ನ ಸ್ವಂತ ಗಡಿಯಾರವನ್ನು ನೋಡಿಯೋ ಕವಡೆ ಹಾಕಿಯೋ ನಿರ್ಣಯಿಸಕೂಡದೆಂಬುದೊಂದೇ ನಿಬಂಧನೆ. ಇಬ್ಬರು ಗುಮಾಸ್ತರಿಗೆ ಒಂದೇ ಕೀರ್ದಿಯನ್ನು ಕೊಟ್ಟರೆ ಇಬ್ಬರ ಖಾತೆಯೂ ಒಂದೇ ಆಗುವುದು. ಖಾತೆಗಳನ್ನು ಎದುರುಬದುರಾಗಿಟ್ಟು ತಾಳೆನೋಡಬೇಕಾದುದೇ ಇಲ್ಲ. ನಾವು ಆರಂಭದಲ್ಲಿ ಹೇಳಿದ ಪಕ್ಷವು ಇಲ್ಲಿಯೇ ಸಿದ್ಧವಾಗಿದೆ. ಆದರೆ ಈ ಪ್ರಬಂಧದ ಪಠನೇತಿಹಾಸವು ವಿಚಿತ್ರವಾದುದು. ಅದನ್ನು ಓದಿದವರು ಪೌರ್ವಾಪರ್ಯದ ಭಾಗವನ್ನು ಮಾತ್ರ ನೆನಪಿಟ್ಟುಕೊಂಡರು. ಅದರಲ್ಲಿ ಸ್ಥಿತಿಯಂತ್ರದ ಪ್ರಸ್ತಾಪವೇ ಇಲ್ಲವೆಂದು ವಾದಿಸಿದವರೂ ಇದ್ದರಂತೆ. ತಾವು ಬರೆದದ್ದು ನಿಜವೇ ಎಂದು ನಿಶ್ಚಯಿಸಿಕೊಳ್ಳಲು ಲೇಖಕರೇ ತಮ್ಮ ಪ್ರಬಂಧವನ್ನು ತಿರುಗಿ ತೆಗೆದು ನೋಡಬೇಕಾಯಿತೆಂದು ಅವರ ಆತ್ಮಕಥನದ ಟಿಪ್ಪಣಿಯಿಂದ ತಿಳಿಯುತ್ತದೆ. ಉದಾಹೃತವಾಗುವ ಗ್ರಂಥವೆಲ್ಲವೂ ಓದಲ್ಪಟ್ಟ ಗ್ರಂಥವಲ್ಲವೆನ್ನುವುದು ನಮ್ಮ ಅಲಂಕಾರಶಾಸ್ತ್ರದವರಿಗೂ ಹೊಸದಲ್ಲ. ಈ ವಿಧಾನವನ್ನು ಎಲ್ಲರೂ ಬಳಸುವಂತೆ ಬೋಧಿಸಿದ ಶ್ರೇಯಸ್ಸು 1990ರಲ್ಲಿ ಫ್ರೆಡ್ ಷ್ನೈಡರ್ ಎಂಬುವರು ಬರೆದ ವ್ಯಾಖ್ಯಾನರೂಪವಾದ ಲೇಖನಕ್ಕೆ ಸಲ್ಲತಕ್ಕದ್ದು.

1978ರ ಪ್ರಬಂಧದಲ್ಲಿ ಕೊರತೆಯೊಂದಿತ್ತು. ಸಮೂಹದ ಯಂತ್ರಗಳಲ್ಲಿ ಒಂದು ಕೆಟ್ಟರೂ ಸಾಲು ಮುಂದುವರಿಯದೆ ಎಲ್ಲವೂ ನಿಂತುಬಿಡುತ್ತಿತ್ತು. ಕೆಲವು ಯಂತ್ರಗಳು ಸತ್ತರೂ ಉಳಿದವು ಒಮ್ಮತಕ್ಕೆ ಬರುವುದು ಹೇಗೆ? 1985ರಲ್ಲಿ ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ಇದಕ್ಕೆ ನಿಷ್ಠುರವಾದ ಉತ್ತರವನ್ನು ಕೊಟ್ಟರು. ಸಂದೇಶವು ತಲುಪಲು ಎಷ್ಟು ಕಾಲ ಬೇಕೆಂಬುದಕ್ಕೆ ಮಿತಿಯಿಲ್ಲದಿದ್ದರೆ, ಒಂದೇ ಒಂದು ಯಂತ್ರವು ನಿಂತುಹೋಗುವ ಸಂಭವವಿದ್ದರೂ ಸಾಕು, ಎಲ್ಲ ಸಂದರ್ಭಗಳಲ್ಲಿಯೂ ನಿಶ್ಚಯವಾಗಿ ಒಮ್ಮತಕ್ಕೆ ತಲುಪಿಸುವ ನಿಯತವಾದ ವಿಧಾನವು ಯಾವುದೂ ಇಲ್ಲ. ಮೌನವಾಗಿರುವ ಯಂತ್ರವು ಸತ್ತಿದೆಯೋ ನಿಧಾನಿಸುತ್ತಿದೆಯೋ ತಿಳಿಯುವ ಉಪಾಯವಿಲ್ಲದಿರುವುದೇ ಇದರ ಬೇರು. ಅಂದಿನಿಂದ ಈ ಶಾಸ್ತ್ರದಲ್ಲಿ ಹುಟ್ಟಿದ ಎಲ್ಲ ವಿಧಾನಗಳೂ ಈ ನಿಷೇಧದ ಅಂಚಿನಲ್ಲಿಯೇ ನಡೆದಿವೆ: ತಪ್ಪು ನಿರ್ಣಯವನ್ನು ಎಂದಿಗೂ ಕೊಡುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತವೆ, ನಿರ್ಣಯವನ್ನು ಕೊಟ್ಟೇ ತೀರುತ್ತೇವೆಂದು ಮಾಡುವುದಿಲ್ಲ.

ಅದೇ 1985ರಲ್ಲಿ ಮತ್ತೊಂದು ಪ್ರಬಂಧವು ಹೊರಬಂತು. ಮದರಾಸಿನ ಐಐಟಿಯಲ್ಲಿ 1965ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋಗಿದ್ದ ಮಣಿ ಚಾಂಡಿಯವರೂ ಲ್ಯಾಂಪೋರ್ಟರೂ ಸೇರಿ ಬರೆದುದು. ಸಂದೇಶಗಳು ಹರಿಯುತ್ತಲೇ ಇರುವ ಸಮೂಹವನ್ನು ನಿಲ್ಲಿಸದೆ ಅದರ ಒಟ್ಟು ಸ್ಥಿತಿಯನ್ನು ಬರೆದುಕೊಳ್ಳುವುದು ಹೇಗೆಂಬುದು ಅದರ ಪ್ರಶ್ನೆ. ಊಟದ ಹೊತ್ತಿನಲ್ಲಿ ಚಾಂಡಿಯವರು ಈ ಸಮಸ್ಯೆಯನ್ನು ಒಡ್ಡಿದರಂತೆ. ದ್ರಾಕ್ಷಾರಸದ ಪ್ರಭಾವದಿಂದ ಆ ರಾತ್ರಿ ಯಾರಿಗೂ ಯೋಚನೆ ಓಡಲಿಲ್ಲ. ಮರುದಿನ ಸ್ನಾನ ಮಾಡುತ್ತಿರುವಾಗ ಲ್ಯಾಂಪೋರ್ಟರಿಗೆ ಪರಿಹಾರ ಹೊಳೆದು, ಹೇಳಲೆಂದು ಹೋದರೆ ಚಾಂಡಿಯವರು ಅದೇ ಪರಿಹಾರದೊಡನೆ ಕಾದಿದ್ದರು. ವಿಧಾನವು ಹೀಗಿದೆ. ಒಂದು ಯಂತ್ರವು ತನ್ನ ಸ್ಥಿತಿಯನ್ನು ಬರೆದುಕೊಂಡು, ಹೊರಹೋಗುವ ಪ್ರತಿಯೊಂದು ದಾರಿಯಲ್ಲಿಯೂ ಒಂದು ಗುರುತಿನ ಸಂದೇಶವನ್ನು ಬಿಡುತ್ತದೆ. ಆ ಗುರುತನ್ನು ಮೊದಲ ಸಲ ಕಂಡ ಯಂತ್ರವು ತಾನೂ ತತ್‌ಕ್ಷಣ ಹಾಗೆಯೇ ಮಾಡುತ್ತದೆ. ಬೇರೆ ದಾರಿಗಳಿಂದ ಗುರುತು ಬರುವವರೆಗೆ ಅಲ್ಲಿ ಬಂದ ಸಂದೇಶಗಳನ್ನು ನಡುದಾರಿಯಲ್ಲಿದ್ದವೆಂದು ಬರೆದುಕೊಳ್ಳುತ್ತದೆ. ಪ್ರತಿ ದಾರಿಯಲ್ಲಿಯೂ ಸಂದೇಶಗಳು ಹೊರಟ ಕ್ರಮದಲ್ಲಿಯೇ ತಲುಪಬೇಕೆಂಬುದು ಇಲ್ಲಿಯ ಷರತ್ತು. ಹೀಗೆ ಸಿಕ್ಕುವ ಚಿತ್ರವು ಯಾವ ಒಂದು ಕ್ಷಣದಲ್ಲಿಯೂ ನಿಜವಾಗಿ ಇದ್ದಿರಲಾರದು. ಆದರೂ ಅದು ಸುಸಂಗತವಾದುದು, ಕಾರಣವಿಲ್ಲದ ಕಾರ್ಯವು ಅದರಲ್ಲಿ ಕಾಣದು. ಹಾರುವ ಹಕ್ಕಿಗಳಿಂದ ತುಂಬಿದ ಆಕಾಶವನ್ನು ಹಲವರು ತುಂಡುತುಂಡಾಗಿ ಛಾಯಾಚಿತ್ರ ತೆಗೆದು ಜೋಡಿಸುವ ಉಪಮೆಯನ್ನು ಲೇಖಕರು ಕೊಟ್ಟಿದ್ದಾರೆ. ಮೂವತ್ತು ವರ್ಷಗಳ ಮೇಲೆ, 2015ರ ಹೊತ್ತಿಗೆ, ಬರ್ಲಿನ್ನಿನ ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಹುಟ್ಟಿದ ಫ್ಲಿಂಕ್ ಎಂಬ ಸಂದೇಶಪ್ರವಾಹದ ವ್ಯವಸ್ಥೆಯು ಇದೇ ವಿಧಾನದ ರೂಪಾಂತರವನ್ನು ತನ್ನ ಸ್ಥಿತಿರಕ್ಷಣೆಗೆ ಆಧಾರವಾಗಿ ಮಾಡಿಕೊಂಡಿತು.

ಇನ್ನು ಈ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಪ್ರಕರಣ. ಕೀರ್ದಿಯ ಮುಂದಿನ ಸಾಲಿನಲ್ಲಿ ಏನನ್ನು ಬರೆಯಬೇಕೆಂಬುದನ್ನು, ಕೆಲವರು ಗೈರುಹಾಜರಾದರೂ, ಬಹುಮತದಿಂದ ನಿರ್ಣಯಿಸುವ ವಿಧಾನವನ್ನು ಲ್ಯಾಂಪೋರ್ಟರು ಕಂಡುಹಿಡಿದರು. ಅದರ ತಿರುಳು ಒಂದು ಸರಳವಾದ ಗಣಿತ: ಐವರಲ್ಲಿ ಮೂವರ ಒಂದು ಗುಂಪನ್ನೂ ಮೂವರ ಇನ್ನೊಂದು ಗುಂಪನ್ನೂ ಹೇಗೆ ಆರಿಸಿದರೂ ಒಬ್ಬನಾದರೂ ಎರಡರಲ್ಲಿಯೂ ಇರಲೇಬೇಕು. ಆ ಒಬ್ಬನು ಹಿಂದಿನ ನಿರ್ಣಯಕ್ಕೆ ಸಾಕ್ಷಿಯಾಗಿ ಹೊಸ ಗುಂಪಿನಲ್ಲಿ ಕುಳಿತಿರುತ್ತಾನಾದುದರಿಂದ ವಿರುದ್ಧವಾದ ಎರಡು ನಿರ್ಣಯಗಳು ಹೊರಬೀಳಲಾರವು. ಇದನ್ನು ನೇರವಾಗಿ ಹೇಳದೆ ಅವರು ಒಂದು ಪುರಾಣವನ್ನು ಕಟ್ಟಿದರು. ಪ್ಯಾಕ್ಸೋಸ್ ಎಂಬ ಗ್ರೀಕ್ ದ್ವೀಪದಲ್ಲಿ ಪ್ರಾಚೀನಕಾಲದಲ್ಲಿ ಒಂದು ಶಾಸನಸಭೆಯಿತ್ತು. ಸಭಾಸದರು ಮನಬಂದಾಗ ಎದ್ದುಹೋಗುತ್ತಿದ್ದರು. ಪ್ರತಿಯೊಬ್ಬನೂ ತನ್ನ ಲೆಕ್ಕಪುಸ್ತಕದಲ್ಲಿ ಅಳಿಸಲಾಗದ ಮಸಿಯಿಂದ ನಿರ್ಣಯಗಳನ್ನು ಬರೆದುಕೊಳ್ಳುತ್ತಿದ್ದನು. ಪ್ರಾಕ್ತನಸಂಶೋಧಕರು ಇದನ್ನೆಲ್ಲ ಈಚೆಗೆ ಅಗೆದು ತೆಗೆದರು ಎಂಬ ಕಥೆ. ಇದರ ಮೇಲೆ ಉಪನ್ಯಾಸ ಮಾಡುವಾಗ ಸಿನಿಮಾದ ಪ್ರಾಕ್ತನಸಾಹಸಿಯ ಟೋಪಿಯನ್ನೂ ಹಾಕಿಕೊಂಡರು. ಕೇಳಿದವರಿಗೆ ಟೋಪಿಯು ನೆನಪುಳಿಯಿತು, ವಿಧಾನವು ಉಳಿಯಲಿಲ್ಲ. 1990ರಲ್ಲಿ ಪ್ರಬಂಧವನ್ನು ಪತ್ರಿಕೆಗೆ ಕಳುಹಿಸಿದಾಗ ಪರೀಕ್ಷಕರು, ವಿಷಯವು ಅಷ್ಟೇನೂ ಮುಖ್ಯವಲ್ಲದಿದ್ದರೂ ಪರವಾಗಿಲ್ಲ, ದ್ವೀಪದ ಕಥೆಯನ್ನು ತೆಗೆಯಬೇಕು ಎಂದರು. ಲೇಖಕರು ಮುನಿದು ಸುಮ್ಮನಾದರು. ಕೊನೆಗೆ 1998ರಲ್ಲಿ ಅದು ಪ್ರಕಟವಾದಾಗ, ಕೀತ್ ಮಾರ್ಜುಲ್ಲೊ ಎಂಬುವರು ಸಂಪಾದಕೀಯ ಟಿಪ್ಪಣಿಗಳನ್ನು ಸೇರಿಸಿ, ಈ ಹಸ್ತಪ್ರತಿಯು ಸಂಪಾದಕರ ಕಡತದ ಪೆಟ್ಟಿಗೆಯ ಹಿಂದೆ ಸಿಕ್ಕಿತೆಂದೂ ಲೇಖಕರು ಗ್ರೀಕ್ ದ್ವೀಪಗಳಲ್ಲಿ ಸಂಶೋಧನೆಯಲ್ಲಿದ್ದು ಕೈಗೆ ಸಿಕ್ಕುತ್ತಿಲ್ಲವೆಂದೂ ಅದೇ ಹಾಸ್ಯವನ್ನು ಮುಂದುವರಿಸಿದರು. ಕೂಟಶಾಸನಗಳನ್ನು ಬಯಲಿಗೆಳೆಯುವುದರಲ್ಲಿ ಆಯುಸ್ಸನ್ನು ಕಳೆದ ನಮ್ಮ ಶಾಸನತಜ್ಞರು ಇದನ್ನು ನೋಡಿದರೆ ನಗುವರೋ ಕೋಪಿಸಿಕೊಳ್ಳುವರೋ ಹೇಳಲಾರೆ. ಕಥೆಯಿಂದಾಗಿ ಒಂದು ಅಮೂಲ್ಯವಾದ ವಿಧಾನವು ಎಂಟು ವರ್ಷ ಮೂಲೆಗೆ ಬಿದ್ದಿತೆಂಬುದಂತೂ ನಿಜ. 2001ರಲ್ಲಿ ಅವರೇ ಕಥೆಯನ್ನು ಬಿಟ್ಟು ಸರಳವಾಗಿ ತಿರುಗಿ ಬರೆದರು.

ಇಲ್ಲಿ ಪ್ರಾಥಮ್ಯದ ಪ್ರಶ್ನೆಯೊಂದಿದೆ. ಬಹುಮತದಿಂದ ಕೀರ್ದಿಯನ್ನು ನಡೆಸುವ ವಿಧಾನವನ್ನು ಪ್ಯಾಕ್ಸೋಸ್ ಎಂದೇ ಕರೆಯುವ ರೂಢಿ ಬಿದ್ದಿದೆ. ಆದರೆ ಎಂಐಟಿಯ ಬ್ರಯನ್ ಓಕಿ ಮತ್ತು ಬಾರ್ಬರಾ ಲಿಸ್ಕೋವ್ ಎಂಬುವರು ಇದಕ್ಕೆ ಅತಿ ಸಮೀಪವಾದ ವಿಧಾನವನ್ನು 1988ರಲ್ಲಿಯೇ ಪ್ರಕಟಿಸಿದ್ದರು. ಲ್ಯಾಂಪೋರ್ಟರ ಬರಹವು ಸಂಸ್ಥೆಯೊಳಗಿನ ವರದಿಯಾಗಿ ಹೊರಬಂದುದು 1989ರಲ್ಲಿ. ಒಬ್ಬರು ಮತ್ತೊಬ್ಬರನ್ನು ನೋಡದೆಯೇ ಬರೆದರೆಂಬುದರಲ್ಲಿ ಸಂದೇಹಕ್ಕೆ ಆಸ್ಪದವಿಲ್ಲ. ಆದರೂ ಪ್ರಕಟಣೆಯ ದಿನವನ್ನೇ ಪ್ರಮಾಣವಾಗಿ ಹಿಡಿಯುವ ನಮ್ಮ ಪದ್ಧತಿಯಂತೆ ಪ್ರಾಥಮ್ಯವು ಓಕಿ, ಲಿಸ್ಕೋವರಿಗೆ ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಹೆಸರು ಉಳಿದದ್ದು ಕಥೆ ಹೇಳಿದವರದು.

ಮುಂದಿನ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. ಗೂಗಲ್ ಸಂಸ್ಥೆಯ ಚಬ್ಬಿ 2006ರಲ್ಲಿಯೂ ಯಾಹೂ ಸಂಸ್ಥೆಯಲ್ಲಿ ಹುಟ್ಟಿದ ಜೂಕೀಪರ್ 2010ರಲ್ಲಿಯೂ ವಿದ್ವತ್ಸಭೆಗಳಲ್ಲಿ ವರ್ಣಿತವಾದುವು. ಸಮೂಹದ ಯಜಮಾನನಾರು, ಯಾವ ಭಾಗವು ಯಾರ ವಶದಲ್ಲಿದೆ ಎಂಬ ಅಲ್ಪವಾದರೂ ಮರ್ಮಸ್ಥಾನದಲ್ಲಿರುವ ಸ್ಥಿತಿಯನ್ನು ಇವು ಬಹುಮತದಿಂದ ಕಾಯುತ್ತವೆ. 2014ರಲ್ಲಿ ಒಂಗಾರೊ, ಔಸ್ಟರ್‌ಹೌಟ್ ಎಂಬಿಬ್ಬರು ವಿದ್ಯಾರ್ಥಿಗಳಿಗೆ ಅರ್ಥವಾಗಬೇಕೆಂಬುದನ್ನೇ ಗುರಿಯಾಗಿಟ್ಟುಕೊಂಡು ರಾಫ್ಟ್ ಎಂಬ ವಿಧಾನವನ್ನು ರಚಿಸಿದರು. ಅದರಲ್ಲಿ ಕೀರ್ದಿಯೇ ನಾಯಕ, ಉಳಿದುದೆಲ್ಲ ಪರಿವಾರ.

ಇದಕ್ಕೆ ಪ್ರತಿಪಕ್ಷವೂ ಉಂಟು. ತಂತಿ ಕಡಿದು ಸಮೂಹವು ಇಬ್ಭಾಗವಾದಾಗ ಎಲ್ಲ ಪ್ರತಿಗಳ ಏಕರೂಪತೆ, ಎಲ್ಲರಿಗೂ ಉತ್ತರ ಕೊಡುವ ಸಿದ್ಧತೆ ಎರಡನ್ನೂ ಉಳಿಸಿಕೊಳ್ಳಲಾಗದೆಂದು 2000ದಲ್ಲಿ ಎರಿಕ್ ಬ್ರೂವರ್ ಎಂಬುವರು ಊಹಿಸಿದರು, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಸಾಧಿಸಿದರು. ಅಮೆಜಾನ್ ವ್ಯಾಪಾರಸಂಸ್ಥೆಯವರು 2007ರಲ್ಲಿ ವಿವರಿಸಿದ ಡೈನಮೊ ವ್ಯವಸ್ಥೆಯು ಏಕರೂಪತೆಯನ್ನು ಬಿಟ್ಟು ಸಿದ್ಧತೆಯನ್ನು ಹಿಡಿಯಿತು: ಗಿರಾಕಿಯ ಬುಟ್ಟಿಯು ಎರಡು ಕಡೆ ಎರಡು ತೆರನಾಗಿದ್ದರೆ ಆಮೇಲೆ ಎರಡನ್ನೂ ಕೂಡಿಸುವುದು. ಸೇರಿಸಿದ ಸಾಮಾನು ಕಳೆಯುವುದಿಲ್ಲ. ಆದರೆ ತೆಗೆದುಹಾಕಿದ ಸಾಮಾನು ಕೆಲವೊಮ್ಮೆ ಮತ್ತೆ ಬುಟ್ಟಿಯಲ್ಲಿ ಪ್ರತ್ಯಕ್ಷವಾಗುವುದೆಂದು ಅವರೇ ಒಪ್ಪಿಕೊಂಡಿದ್ದಾರೆ. ಎಲ್ಲ ಪ್ರತಿಗಳ ಪದ್ಯಗಳನ್ನೂ ಒಟ್ಟುಗೂಡಿಸಿ ಗ್ರಂಥವನ್ನು ಸಂಪಾದಿಸುವವನಿಗೆ ಪ್ರಕ್ಷಿಪ್ತಗಳೂ ಬಂದು ಸೇರುವಂತೆ! ಹೇಗೆ ಕೂಡಿಸಿದರೂ ಒಂದೇ ಫಲ ಬರುವಂಥ ದತ್ತಾಂಶರೂಪಗಳನ್ನು 2011ರಲ್ಲಿ ಶಪೀರೊ ಮುಂತಾದವರು ಶಾಸ್ತ್ರೀಯವಾಗಿ ನಿರೂಪಿಸಿ ಈ ಪಕ್ಷಕ್ಕೆ ಬಲ ಕೊಟ್ಟರು. ಬುಟ್ಟಿಗೆ ಇದು ಸಲ್ಲುತ್ತದೆ, ಬಾಕಿಗೆ ಸಲ್ಲುವುದಿಲ್ಲ. 800 ರೂಪಾಯಿಗಳನ್ನು ಎರಡು ಸಲ ಕೊಟ್ಟ ಮೇಲೆ ಯಾವ ಕೂಡಿಕೆಯಿಂದಲೂ ಅದು ಹಿಂದಕ್ಕೆ ಬಾರದು.

ಕೀರ್ದಿಯ ಪಕ್ಷವು ವ್ಯವಹಾರದಲ್ಲಿ ಗೆದ್ದುದು ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಜೇ ಕ್ರೆಪ್ಸ್, ನೇಹಾ ನಾರ್ಖೇಡೆ, ಜುನ್ ರಾವ್ ಎಂಬುವರು ಕಟ್ಟಿ 2011ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಕಾಫ್ಕಾದಿಂದ. ಬರೆಯುವುದೇ ಇದರ ಮುಖ್ಯವೃತ್ತಿಯಾದುದರಿಂದ ಒಬ್ಬ ಬರಹಗಾರನ ಹೆಸರಿರಲೆಂದು ಕ್ರೆಪ್ಸರು ತಮಗೆ ಪ್ರಿಯನಾದ ಜರ್ಮನ್ ಭಾಷೆಯ ಕಥೆಗಾರನ ಹೆಸರನ್ನಿಟ್ಟರು. ಅದು ಕೀರ್ದಿಯಲ್ಲದೆ ಬೇರಲ್ಲ: ಬಂದ ಸಂದೇಶವು ಕೊನೆಯ ಸಾಲಿಗೆ ಸೇರಿ ಒಂದು ಕ್ರಮಸಂಖ್ಯೆಯನ್ನು ಪಡೆಯುತ್ತದೆ, ಹಿಂದಿನ ಸಾಲನ್ನು ತಿದ್ದುವಂತಿಲ್ಲ. ಹೊರೆಯನ್ನು ಹಂಚುವುದಕ್ಕಾಗಿ ಕೀರ್ದಿಯನ್ನು ಹಲವು ಸಂಪುಟಗಳಾಗಿ ಒಡೆದಿರುತ್ತಾರೆ. ಕ್ರಮವು ಆಯಾ ಸಂಪುಟದೊಳಗೆ ಮಾತ್ರ ಪ್ರಮಾಣ. ಒಬ್ಬ ಗಿರಾಕಿಯ ಸಂದೇಶಗಳೆಲ್ಲ ಒಂದೇ ಸಂಪುಟಕ್ಕೆ ಹೋಗುವಂತೆ ನೋಡಿಕೊಂಡರೆ ಅವನ ಲೆಕ್ಕವನ್ನು ಒಂದೇ ಯಂತ್ರವು ಇಡುತ್ತದೆ. 2016ರಿಂದ ಇದರೊಡನೆ ಸೇರಿದ ಭಾಗವೊಂದರಲ್ಲಿ, ಸ್ಥಿತಿಯನ್ನಿಟ್ಟ ಯಂತ್ರವು ತನ್ನ ಪ್ರತಿಯೊಂದು ಬದಲಾವಣೆಯನ್ನೂ ಬೇರೊಂದು ಕೀರ್ದಿಗೆ ಬರೆಯುತ್ತದೆ. ಆ ಯಂತ್ರವು ಕೆಟ್ಟರೆ ಮತ್ತೊಂದು ಅದನ್ನು ಮೊದಲಿನಿಂದ ಓದಿ ಖಾತೆಯನ್ನು ಪುನಃ ಕಟ್ಟಿಕೊಳ್ಳುತ್ತದೆ. ಉತ್ತರ ಬಾರದೆ ಒಂದೇ ಸಂದೇಶವನ್ನು ಎರಡು ಸಲ ಕಳುಹಿಸಿದಾಗ ದ್ವಿರುಕ್ತಿಯಾಗದಂತೆ, ಕಳುಹಿಸುವವನ ಗುರುತನ್ನೂ ಎಣಿಕೆಯನ್ನೂ ಸಂದೇಶದ ಮೇಲೆ ಒತ್ತುವ ಏರ್ಪಾಟು 2017ರಲ್ಲಿ ಬಂತು. ದೂತನು ತಲುಪಿದನೋ ಎಂಬ 1975ರ ಸಂದೇಹವು ಇದರಿಂದ ತೀರಲಿಲ್ಲ. ಎರಡನೆಯ ದೂತನಿಂದ ಹಾನಿಯಾಗದಂತಾಯಿತು, ಅಷ್ಟೆ.

ಕೀರ್ದಿಯು ಕವಲೊಡೆದರೆ ಏನಾಗುತ್ತದೆಂಬುದಕ್ಕೆ 2018ನೆಯ ಅಕ್ಟೋಬರ್ 21ರಂದು ಗಿಟ್‌ಹಬ್ ಎಂಬ ಸಂಸ್ಥೆಯಲ್ಲಿ ನಡೆದುದು ಸಾಕ್ಷಿ. ತಂತಿಯ ಉಪಕರಣವೊಂದನ್ನು ಬದಲಾಯಿಸುವಾಗ ಅಮೆರಿಕದ ಪೂರ್ವತೀರದ ಯಂತ್ರಾಗಾರಕ್ಕೆ 43 ಸೆಕೆಂಡುಗಳ ಕಾಲ ಸಂಪರ್ಕ ತಪ್ಪಿತು. ಯಜಮಾನನನ್ನು ಆರಿಸುವ ವ್ಯವಸ್ಥೆಯು ರಾಫ್ಟಿನ ವಿಧಿಯಂತೆ ಬಹುಮತವನ್ನು ಕೂಡಿಸಿ ಬರೆಯುವ ಅಧಿಕಾರವನ್ನು ಪಶ್ಚಿಮತೀರದ ಯಂತ್ರಗಳಿಗೆ ಕೊಟ್ಟಿತು. ಆದರೆ ಪೂರ್ವದಲ್ಲಿ ಆಗಲೇ ಬರೆದಿದ್ದ ಕೆಲವು ಸಾಲುಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಮುಂದಿನ 40 ನಿಮಿಷಗಳ ಸಾಲುಗಳು ಪೂರ್ವದಲ್ಲಿರಲಿಲ್ಲ. ಹೆಚ್ಚು ಕೆಲಸವಿದ್ದ ಒಂದು ಭಾಗದಲ್ಲಿ ಹೀಗೆ ಒಂಟಿಯಾಗಿ ಉಳಿದ ಬರಹಗಳು 954. ಒಂದು ನಿಮಿಷವೂ ತುಂಬದ ವಿಯೋಗದಿಂದ 24 ಗಂಟೆ 11 ನಿಮಿಷ ಸೇವೆಯು ಅಸ್ತವ್ಯಸ್ತವಾಯಿತು. ಬಹುಮತದ ವಿಧಾನವೇ ಕೈಕೊಟ್ಟಿತೆಂದು ಕೆಲವರು ಹೇಳಬಹುದು, ಅದು ಸರಿಯಲ್ಲ. ಯಾರು ಬರೆಯಬೇಕೆಂಬುದನ್ನು ಬಹುಮತಕ್ಕೆ ಬಿಟ್ಟಿದ್ದರು, ಏನು ಬರೆದಾಗಿದೆಯೆಂಬುದನ್ನು ಬಿಟ್ಟಿರಲಿಲ್ಲ. ಪೀಠಾಧಿಪತಿಯ ಆಯ್ಕೆಯು ವಿಧ್ಯುಕ್ತವಾಗಿ ನಡೆಯಿತು. ಮಠದ ಕಡತವು ಮಾತ್ರ ಹಿಂದಿನವನ ಊರಿನಲ್ಲಿ ಉಳಿಯಿತು.

ಕಾಫ್ಕಾದಲ್ಲಿಯೇ ಇಂಥ ದ್ವೈತವೊಂದು ಬಹುಕಾಲವಿತ್ತು. ಲೋಕದ ಸಂದೇಶಗಳನ್ನೆಲ್ಲ ಕೀರ್ದಿಯಾಗಿ ಇಡುತ್ತಿದ್ದ ಆ ವ್ಯವಸ್ಥೆಯು ತನ್ನ ಮನೆವಾರ್ತೆಯನ್ನು, ಎಂದರೆ ಯಾವ ಸಂಪುಟವು ಯಾರಲ್ಲಿದೆ, ಅದರ ಯಜಮಾನನಾರು ಎಂಬುದನ್ನು, ಜೂಕೀಪರಿನ ಖಾತೆಯಲ್ಲಿ ಬರೆಸುತ್ತಿತ್ತು. ಯಜಮಾನಯಂತ್ರದ ನೆನಪಿಗೂ ಆ ಖಾತೆಗೂ ಕೆಲವೊಮ್ಮೆ ತಾಳೆಯಾಗುತ್ತಿರಲಿಲ್ಲ. ಇದನ್ನು ಬಿಡಬೇಕೆಂಬ ಪ್ರಸ್ತಾವವು 2019ರಲ್ಲಿ ಬಂತು; 2022ರಲ್ಲಿ ಹೊಸ ಏರ್ಪಾಟು ಬಳಕೆಗೆ ಯೋಗ್ಯವೆನಿಸಿತು; 2025ರ ಮಾರ್ಚಿಯಲ್ಲಿ ಹೊರಟ ನಾಲ್ಕನೆಯ ಆವೃತ್ತಿಯಲ್ಲಿ ಜೂಕೀಪರನ್ನು ಸಂಪೂರ್ಣವಾಗಿ ತೆಗೆದುಹಾಕಿದರು. ಈಗ ಕಾಫ್ಕಾ ತನ್ನ ಮನೆವಾರ್ತೆಯನ್ನೂ ರಾಫ್ಟಿನ ಕ್ರಮದಂತೆ ಬಹುಮತದಿಂದ ನಡೆಯುವ ತನ್ನದೇ ಕೀರ್ದಿಯೊಂದರಲ್ಲಿ ಬರೆದುಕೊಳ್ಳುತ್ತದೆ, ಕೀರ್ದಿಯು ಉದ್ದವಾದಾಗ ಅಲ್ಲಲ್ಲಿಗೆ ಖಾತೆಯ ಒಂದು ನಕಲನ್ನು ತೆಗೆದಿಟ್ಟು ಹಳೆಯ ಸಾಲುಗಳನ್ನು ಬಿಡುತ್ತದೆ.